ಕಾಡಿನ ನೆರಳಲ್ಲಿ ಚಹಾ: ಜಿಂಗ್‌ಮಾಯ್ ಪರ್ವತದ ಪಾರಂಪರಿಕ ಅರಿವು

ಜಿಂಗ್‌ಮಾಯ್ ಪರ್ವತವು ಚೀನಾದ ನೈಋತ್ಯ ಭಾಗದ ಯುನ್ನಾನ್ ಪ್ರಾಂತ್ಯದಲ್ಲಿ, ಮ್ಯಾನ್ಮಾರ್ ಗಡಿಗೆ ಸಮೀಪದಲ್ಲಿದೆ. ಇಲ್ಲಿನ ಬ್ಲಾಂಗ್ ಹಾಗೂ ದಾಯ್ ಜನಾಂಗದವರು ಸುಮಾರು 10ನೇ ಶತಮಾನದಿಂದಲೂ ಕಾಡನ್ನು ಪೂರ್ತಿ ಸವರದೆ, ಅದರ ನೆರಳಿನಲ್ಲಿಯೇ ಚಹಾ ಬೆಳೆಯುತ್ತ ಬಂದಿದ್ದಾರೆ. 2023ರ ಸೆಪ್ಟೆಂಬರ್‌ನಲ್ಲಿ ಯುನೆಸ್ಕೊ ಈ ಪ್ರಾಚೀನ ಚಹಾ ಕಾಡುಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಐದು ಚಹಾ ಕಾಡುಗಳು, ಅವುಗಳ ನಡುವಿನ ಮೂರು ರಕ್ಷಣಾ ಅರಣ್ಯಗಳು ಮತ್ತು ಒಂಬತ್ತು ಗ್ರಾಮಗಳು ಇದರಲ್ಲಿ ಸೇರಿವೆ.

ಮೂರು ಸ್ತರಗಳ ವ್ಯವಸ್ಥೆ

ಮೇಲೆ ಎತ್ತರದ ಕಾಡುಮರಗಳು, ನಡುವೆ ಚಹಾ ಮರಗಳು, ಕೆಳಗೆ ಗಿಡಮೂಲಿಕೆಗಳು - ಇದು ಇಲ್ಲಿನ ಕ್ರಮ. ಮೇಲಿನ ಮರಗಳು ಬಿಸಿಲನ್ನು ಹದಗೊಳಿಸುತ್ತವೆ. ಉದುರಿದ ತರಗೆಲೆಯೇ ಗೊಬ್ಬರವಾಗುತ್ತದೆ. ಹಕ್ಕಿ, ಜೇಡಗಳು ಕೀಟಗಳನ್ನು ಹತೋಟಿಯಲ್ಲಿಡುತ್ತವೆ. ಹೀಗಾಗಿ ರಾಸಾಯನಿಕ ಗೊಬ್ಬರ, ಕೀಟನಾಶಕಗಳ ಅಗತ್ಯ ಬೀಳುವುದಿಲ್ಲ. ಚಹಾ ಕಾಡುಗಳ ನಡುವೆ ಉಳಿಸಿಕೊಂಡ ರಕ್ಷಣಾ ಅರಣ್ಯಗಳು ಗಾಳಿಯನ್ನು ತಡೆಯುವುದಲ್ಲದೆ, ರೋಗ ಒಂದೆಡೆಯಿಂದ ಮತ್ತೊಂದೆಡೆಗೆ ಹರಡದಂತೆಯೂ ಕಾಯುತ್ತವೆ.

ಕೊಡಗು, ಚಿಕ್ಕಮಗಳೂರುಗಳ ನೆರಳಿನ ಕಾಫಿ ತೋಟಗಳನ್ನು ಬಲ್ಲವರಿಗೆ ಈ ಕ್ರಮ ಅಪರಿಚಿತವೆನಿಸದು. ಆದರೆ ಕಾಫಿ ನಮ್ಮಲ್ಲಿಗೆ ಹೊರಗಿನಿಂದ ಬಂದ ಗಿಡ. ಚಹಾ ಯುನ್ನಾನ್‌ನ ಕಾಡಿಗೇ ಸೇರಿದ ಮರ.

ನಂಬಿಕೆಯೇ ಕಟ್ಟಳೆ

ಚಹಾವನ್ನು ಬಳುವಳಿಯಾಗಿ ಕೊಟ್ಟವನು ಪೂರ್ವಜ ಪಾ ಐಲೆಂಗ್ ಎಂಬುದು ಬ್ಲಾಂಗ್ ಜನರ ನಂಬಿಕೆ. ಚಹಾ ತೋಟದಲ್ಲಿಯೂ ಅಲ್ಲಿನ ಗಿಡಮರ, ಪ್ರಾಣಿಗಳಲ್ಲಿಯೂ ದೈವಗಳು ನೆಲೆಸಿವೆ ಎಂದು ಅವರು ಭಾವಿಸುತ್ತಾರೆ. ಈ ಭಯಭಕ್ತಿ ಹಾಗೂ ಗ್ರಾಮದ ಕಟ್ಟಳೆಗಳು ಕೊಡಲಿಗೆ ಕಡಿವಾಣ ಹಾಕಿವೆ.

ಮಾರುಕಟ್ಟೆಯ ಪರೀಕ್ಷೆ

20ನೇ ಶತಮಾನದ ಉತ್ತರಾರ್ಧದಲ್ಲಿ ಯುನ್ನಾನ್‌ನ ಅನೇಕ ಗುಡ್ಡಗಳಲ್ಲಿ ಕಾಡಿನ ಸ್ಥಾನವನ್ನು ಒತ್ತೊತ್ತಾಗಿ ನೆಟ್ಟ ಮೆಟ್ಟಿಲು ತೋಟಗಳು ಆಕ್ರಮಿಸಿದವು. ಅವುಗಳಲ್ಲಿ ಇಳುವರಿ ಹೆಚ್ಚು, ಜೀವವೈವಿಧ್ಯ ಕಡಿಮೆ. 2000ದ ದಶಕದಲ್ಲಿ ಪೂಅರ್ ಚಹಾದ ಬೆಲೆ ಗಗನಕ್ಕೇರಿ, 2007ರಲ್ಲಿ ಕುಸಿಯಿತು. ಹಳೆಯ ಮರಗಳ ಎಲೆಗೆ ದೊರೆಯುವ ಅಧಿಕ ಬೆಲೆ ಕಾಡನ್ನು ಉಳಿಸಲು ಕಾರಣವಾಗಿದೆ. ಅದೇ ಬೆಲೆ ಮಿತಿಮೀರಿ ಎಲೆ ಕೊಯ್ಯುವ ಆಸೆಯನ್ನೂ ಹುಟ್ಟಿಸುತ್ತದೆ. ಯಾವ ಮರವನ್ನು ಉಳಿಸಬೇಕು, ಎಷ್ಟು ಕೊಯ್ದು ನಿಲ್ಲಿಸಬೇಕು ಎಂಬ ಅರಿವು ಹೊಸ ತಲೆಮಾರಿಗೆ ದಾಟಿದರೆ ಮಾತ್ರ ಈ ಕಾಡು ಉಳಿದೀತು.