ಕೆಂಪು ಗೆರೆಯೂ ಅಳತೆಗೋಲೂ

ಸಿಂಧನೂರಿನಿಂದ ಇಂಗ್ಲಿಷಿನಲ್ಲಿ ಇ-ಮೇಲ್ ಬರೆಯುವಾಗ ಊರಿನ ಹೆಸರು ಮೂಡಿದೊಡನೆ ಅದರ ಕೆಳಗೆ ಕೆಂಪು ಗೆರೆ ಕಾಣಿಸಿಕೊಳ್ಳುವುದುಂಟು. ಹೆಸರು ತಪ್ಪಲ್ಲ, ಕಂಪ್ಯೂಟರಿನ ಪದಪಟ್ಟಿಯಲ್ಲಿ ಅದು ಇಲ್ಲ, ಅಷ್ಟೆ. ಕಾಗುಣಿತ ಪರೀಕ್ಷಕಕ್ಕೆ ಸರಿ-ತಪ್ಪುಗಳ ಅರಿವಿಲ್ಲ. ಬರೆದ ಪದವನ್ನು ತನ್ನ ಪಟ್ಟಿಯೊಡನೆ ಹೋಲಿಸುವುದಷ್ಟೇ ಅದರ ಕೆಲಸ. ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ 1971ರಲ್ಲಿ ರಾಲ್ಫ್ ಗೋರಿನ್ ರಚಿಸಿದ ‘ಸ್ಪೆಲ್’ ಎಂಬ ಕ್ರಮವಿಧಿಯ ಕಾಲದಿಂದಲೂ ಮೂಲ ಉಪಾಯ ಇದೇ.

ಕನ್ನಡಕ್ಕೆ ಬರಿಯ ಪಟ್ಟಿ ಸಾಲದು. ‘ಮನೆ’ ಎಂಬ ಒಂದೇ ಪದ ಮನೆಯ, ಮನೆಗೆ, ಮನೆಯಲ್ಲಿ, ಮನೆಗಳಿಂದಲೇ ಎಂದು ಬೆಳೆಯುತ್ತ ಹೋಗುತ್ತದೆ. ಹಂಗೇರಿಯ ಭಾಷೆಗೂ ಇಂಥದೇ ಸ್ವಭಾವ. ಅದಕ್ಕಾಗಿ ಲಾಸ್ಲೊ ನೇಮೆತ್ ರೂಪಿಸಿದ ‘ಹನ್‌ಸ್ಪೆಲ್’ ಮೂಲಪದಗಳ ಜೊತೆಗೆ ಪ್ರತ್ಯಯಗಳ ನಿಯಮಗಳನ್ನೂ ಇಟ್ಟುಕೊಳ್ಳುತ್ತದೆ. ಥಂಡರ್‌ಬರ್ಡ್ ಎಂಬ ಇ-ಮೇಲ್ ತಂತ್ರಾಂಶ ಬಳಸುವುದು ಇದನ್ನೇ. ಪತ್ರ ಬರೆಯುವ ಕಿಟಕಿಯಲ್ಲಿ ಪರೀಕ್ಷಕದ ಭಾಷೆಯನ್ನು ಬದಲಿಸಬಹುದು. ಬೇಕಾದ ಭಾಷೆಯ ಪದಕೋಶವನ್ನು ಮೊದಲೇ ಅಳವಡಿಸಿರಬೇಕು. ಭಾಷೆ ಬದಲಾದಾಗ ಪತ್ರದ ಒಂದಕ್ಷರವೂ ಬದಲಾಗುವುದಿಲ್ಲ. ಆದರೂ ಇಲ್ಲಿದ್ದ ಗೆರೆಗಳು ಮಾಯವಾಗಿ ಇನ್ನೆಲ್ಲೋ ಮೂಡುತ್ತವೆ. ಬದಲಾದದ್ದು ಅಳತೆಗೋಲು.

ಈ ಸೀಮೆಯ ಚರಿತ್ರೆಯೂ ಹಲವು ಬಾರಿ ಅಳತೆಗೋಲು ಬದಲಾದ ಕಥೆಯೇ. ಮಸ್ಕಿಯ ಬಂಡೆಯ ಮೇಲೆ ಅಶೋಕನ ಆಜ್ಞೆ ಇರುವುದು ಪ್ರಾಕೃತ ಭಾಷೆಯಲ್ಲಿ, ಬ್ರಾಹ್ಮಿ ಲಿಪಿಯಲ್ಲಿ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ಕಿಸುವೊಳಲು, ಕೊಪಣ, ಪುಲಿಗೆರೆ, ಒಕ್ಕುಂದಗಳ ನಡುವಣ ನಾಡಿನ ಮಾತನ್ನೇ ಕನ್ನಡದ ತಿರುಳೆಂದು ಎಣಿಸಿತು. ಆ ಕೊಪಣವೇ ಇಂದಿನ ಕೊಪ್ಪಳ. 1997ರವರೆಗೆ ಅದು ರಾಯಚೂರು ಜಿಲ್ಲೆಯಲ್ಲೇ ಇತ್ತು. ಒಂದು ಕಾಲಕ್ಕೆ ಮಾದರಿಯಾಗಿದ್ದ ನೆರೆಯ ನುಡಿ ನಿಜಾಮರ ಆಳ್ವಿಕೆಯಲ್ಲಿ ಕಚೇರಿಯ ಹೊರಗೇ ಉಳಿಯಿತು. ಆಡಳಿತದಲ್ಲಿ ಮೊದಲು ಪಾರಸಿ, 1884ರಿಂದ ಉರ್ದು. 1918ರಲ್ಲಿ ಹೈದರಾಬಾದಿನಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲೂ ಉರ್ದುವೇ ಬೋಧನ ಮಾಧ್ಯಮವಾಯಿತು. ಆದರೆ ಆಡುವ ಬಾಯಿ ಸುಮ್ಮನಿರಲಿಲ್ಲ. ಅರ್ಜಿ, ದಾಖಲೆ, ಜಮೀನು, ತಕರಾರುಗಳನ್ನು ಕನ್ನಡ ತನ್ನವನ್ನಾಗಿ ಮಾಡಿಕೊಂಡಿತು. ಇಂದು ಯಾವ ಕನ್ನಡ ಪದಕೋಶವೂ ಅವನ್ನು ಹೊರಗಿಡಲಾರದು.

1948ರಲ್ಲಿ ಹೈದರಾಬಾದ್ ಸಂಸ್ಥಾನ ಭಾರತದಲ್ಲಿ ವಿಲೀನವಾಯಿತು. 1956ರ ನವೆಂಬರ್ 1ರಂದು ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿತು. 1963ರ ಕಾಯ್ದೆ ಕನ್ನಡವನ್ನು ರಾಜ್ಯದ ಆಡಳಿತ ಭಾಷೆಯಾಗಿಸಿತು. ಆದರೂ ಪಠ್ಯಪುಸ್ತಕದ ಕನ್ನಡ ಮತ್ತು ಸಿಂಧನೂರಿನ ಬೀದಿಯ ಕನ್ನಡ ಒಂದೇ ಅಲ್ಲ. ‘ಹೋಗಿದ್ದಾನೆ’ ಎಂದರೆ ಸರಿ, ‘ಹೋಗ್ಯಾನ’ ಎಂದರೆ ಗೆರೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಇಲ್ಲಿನ ಕ್ಯಾಂಪುಗಳಲ್ಲಿ ತೆಲುಗು ನೆಲೆಸಿತು, ನಿರಾಶ್ರಿತರ ಕ್ಯಾಂಪುಗಳಲ್ಲಿ ಬಂಗಾಳಿ. ಇಂಥ ಊರಿಗೆ ಒಂದೇ ಪದಪಟ್ಟಿ ಎಂದೂ ಸಾಕಾದೀತೆ?

ಗೆರೆಯನ್ನು ಕಂಡು ಪದವನ್ನೇ ಬದಲಿಸುವುದರಲ್ಲಿ ಅಪಾಯವಿದೆ. 2014ರ ನವೆಂಬರ್ 1ರಂದು ಗುಲ್ಬರ್ಗಾ ಅಧಿಕೃತವಾಗಿ ಕಲಬುರಗಿಯಾಯಿತು. ಹಳೆಯ ಪಟ್ಟಿಯನ್ನೇ ಇಟ್ಟುಕೊಂಡ ಯಂತ್ರ ಮೊದಲನೆಯದನ್ನು ಒಪ್ಪಿ ಎರಡನೆಯದಕ್ಕೆ ಗೆರೆ ಎಳೆದರೆ, ಅದಕ್ಕೆ ಮಣಿದವರು ಜನರ ಬಾಯಲ್ಲಿ ಬದುಕಿರುವ ಹೆಸರನ್ನೇ ಅಳಿಸಿದಂತೆ. ಆದಕಾರಣ ಪರೀಕ್ಷಕದಲ್ಲಿ ಇನ್ನೊಂದು ಅನುಕೂಲವನ್ನೂ ಇಟ್ಟಿದ್ದಾರೆ: ಪದವನ್ನು ಪದಕೋಶಕ್ಕೆ ಸೇರಿಸುವುದು.

ಚರಿತ್ರೆಯಲ್ಲೂ ಇದು ನಡೆದಿದೆ. ಅದುವರೆಗೆ ದೊರೆತಿದ್ದ ಶಾಸನಗಳು ಅರಸನನ್ನು ‘ದೇವಾನಾಂಪ್ರಿಯ’ ಮುಂತಾದ ಬಿರುದುಗಳಿಂದಷ್ಟೇ ಕರೆದಿದ್ದವು. ಆತ ಅಶೋಕನೇ ಎಂಬುದು ವಿದ್ವಾಂಸರ ಊಹೆಯಾಗಿತ್ತು. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಮಸ್ಕಿಯಲ್ಲಿ ಕಂಡ ಶಾಸನದಲ್ಲಿ ‘ಅಸೋಕ’ ಎಂಬ ಹೆಸರೇ ಇತ್ತು. ಆ ಅರಸನ ಅದುವರೆಗಿನ ಯಾವ ಶಾಸನದ ಪಟ್ಟಿಯಲ್ಲೂ ಇಲ್ಲದಿದ್ದ ಒಂದು ಪದ, ಬಂಡೆಯ ಮೇಲೆ ಉಳಿದಿದ್ದರಿಂದ, ಊಹೆಯನ್ನು ನಿಜವಾಗಿಸಿತು.