ಸಮ್ಮತಿಯ ಹಿಂದಿನ ಮನಸ್ಸು: ಅಲೆಸ್ಸಾಂಡ್ರೊ ಅಕ್ವಿಸ್ಟಿ ಮತ್ತು ಖಾಸಗಿತನದ ನಿರ್ಧಾರಗಳ ಅಧ್ಯಯನ

ಅಂತರ್ಜಾಲದಲ್ಲಿ ಖಾಸಗಿತನದ ಬಗ್ಗೆ ಸಮೀಕ್ಷೆ ನಡೆಸಿದಾಗಲೆಲ್ಲ ಬಹುಪಾಲು ಜನ ಆತಂಕ ತೋಡಿಕೊಳ್ಳುತ್ತಾರೆ. ಅದೇ ಜನ ಸಣ್ಣದೊಂದು ರಿಯಾಯಿತಿಗೆ, ಪುಕ್ಕಟೆ ಸಿಗುವ ಆಪ್‌ಗೆ ತಮ್ಮ ಫೋನ್ ನಂಬರು, ಹುಟ್ಟಿದ ದಿನ, ಇರುವ ಜಾಗ ಎಲ್ಲವನ್ನೂ ಕೊಟ್ಟುಬಿಡುತ್ತಾರೆ. ಮಾತಿಗೂ ನಡೆಗೂ ನಡುವಿನ ಈ ಅಂತರಕ್ಕೆ ಸಂಶೋಧಕರು ‘ಖಾಸಗಿತನದ ವಿರೋಧಾಭಾಸ’ ಎಂದು ಹೆಸರಿಟ್ಟರು. ಜನರಿಗೆ ನಿಜಕ್ಕೂ ಖಾಸಗಿತನ ಬೇಕಿಲ್ಲ, ಬಾಯಿಮಾತಿಗೆ ಹೇಳುತ್ತಾರಷ್ಟೆ ಎಂಬ ತೀರ್ಮಾನಕ್ಕೆ ಬಂದವರೂ ಇದ್ದಾರೆ. ಆ ತೀರ್ಮಾನ ನಿಲ್ಲುವಂಥದ್ದಲ್ಲ ಎಂದು ಎರಡು ದಶಕಗಳ ಪ್ರಯೋಗಗಳಿಂದ ತೋರಿಸಿದವರಲ್ಲಿ ಅಲೆಸ್ಸಾಂಡ್ರೊ ಅಕ್ವಿಸ್ಟಿ ಮುಖ್ಯರು. ಅವರ ಸಂಶೋಧನೆ ಬೆಳೆದುಬಂದ ದಾರಿಯನ್ನು ಗುರುತಿಸುವುದು, ಅದು ನಮ್ಮ ದೇಶದ ಸಮ್ಮತಿಯ ಕಾನೂನಿಗೆ ಏನು ಹೇಳುತ್ತದೆ ಎಂದು ನೋಡುವುದು ಈ ಲೇಖನದ ಉದ್ದೇಶ.

ಈ ಕಥೆಯ ಬೇರು ಅಮೆರಿಕದ ಪಿಟ್ಸ್‌ಬರ್ಗ್ ನಗರದಲ್ಲಿದೆ. ಹರ್ಬರ್ಟ್ ಸೈಮನ್ 1949ರಲ್ಲಿ ಅಲ್ಲಿನ ಕಾರ್ನೆಗಿ ತಾಂತ್ರಿಕ ಸಂಸ್ಥೆಗೆ ಬಂದರು. ಮುಂದೆ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯವಾದ ಆ ಸಂಸ್ಥೆಯೇ 2001ರಲ್ಲಿ ತೀರಿಕೊಳ್ಳುವವರೆಗೂ ಅವರ ಕರ್ಮಭೂಮಿಯಾಗಿತ್ತು. ಮನುಷ್ಯನು ಎಲ್ಲ ಆಯ್ಕೆಗಳನ್ನೂ ತೂಗಿ ಅತ್ಯುತ್ತಮವಾದುದನ್ನು ಆರಿಸುತ್ತಾನೆ ಎಂಬ ಅರ್ಥಶಾಸ್ತ್ರದ ನಂಬಿಕೆಯನ್ನು ಅವರು 1955ರ ಪ್ರಬಂಧದಲ್ಲಿ ಪ್ರಶ್ನಿಸಿದರು. ನಮ್ಮ ತಿಳಿವಳಿಕೆಗೆ, ಸಮಯಕ್ಕೆ, ಲೆಕ್ಕ ಹಾಕುವ ಶಕ್ತಿಗೆ ಮಿತಿ ಇರುವುದರಿಂದ ನಾವು ‘ಇಷ್ಟಾದರೆ ಸಾಕು’ ಎನ್ನಿಸುವ ಆಯ್ಕೆಯಲ್ಲಿ ನಿಲ್ಲುತ್ತೇವೆ ಎಂದು ವಾದಿಸಿದರು. ಇದೇ ‘ಪರಿಮಿತ ವಿವೇಚನೆ’ಯ ಸಿದ್ಧಾಂತ. 1975ರಲ್ಲಿ ಅಲೆನ್ ನ್ಯೂವೆಲ್ ಜೊತೆ ಕಂಪ್ಯೂಟರ್ ವಿಜ್ಞಾನದ ಟ್ಯೂರಿಂಗ್ ಪ್ರಶಸ್ತಿ, 1978ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಎರಡೂ ಸೈಮನ್ ಅವರಿಗೆ ಸಂದವು. ಅರಿವಿನ ವಿಜ್ಞಾನ ಎಂಬ ಶಾಖೆ ಮೊಳೆತ ನೆಲಗಳಲ್ಲಿ ಪಿಟ್ಸ್‌ಬರ್ಗ್ ಒಂದು.

ಖಾಸಗಿತನದ ಅರ್ಥಶಾಸ್ತ್ರ ಮಾತ್ರ ಆಗ ಬೇರೆಯೇ ದಾರಿಯಲ್ಲಿತ್ತು. 1978ರಲ್ಲಿ ಅರ್ಥಶಾಸ್ತ್ರದ ಷಿಕಾಗೋ ಪಂಥದ ರಿಚರ್ಡ್ ಪೋಸ್ನರ್, ಖಾಸಗಿತನ ಎಂದರೆ ಬಹುಮಟ್ಟಿಗೆ ತನ್ನ ಬಗೆಗಿನ ಮಾಹಿತಿಯನ್ನು ಮರೆಮಾಚುವುದು, ಅದರಿಂದ ಮಾರುಕಟ್ಟೆಯ ದಕ್ಷತೆಗೆ ಪೆಟ್ಟು ಬೀಳುತ್ತದೆ ಎಂದು ಬರೆದರು. ಇಲ್ಲಿ ವ್ಯಕ್ತಿ ಲಾಭ ನಷ್ಟ ಬಲ್ಲ ವ್ಯಾಪಾರಿ, ಮಾಹಿತಿ ಅವನ ಸರಕು. ಈ ಚಿತ್ರದಲ್ಲಿ ಮನಸ್ಸಿಗೆ ಜಾಗವೇ ಇರಲಿಲ್ಲ.

ಅಕ್ವಿಸ್ಟಿ ಇಟಲಿಯವರು. ರೋಮ್, ಡಬ್ಲಿನ್, ಲಂಡನ್‌ಗಳಲ್ಲಿ ಅರ್ಥಶಾಸ್ತ್ರ ಕಲಿತು, ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮಾಹಿತಿ ಶಾಸ್ತ್ರ ವಿಭಾಗದಲ್ಲಿ ಡಾಕ್ಟರೇಟ್ ಪಡೆದು, ಕಾರ್ನೆಗಿ ಮೆಲನ್ ಸೇರಿದರು. ಗ್ರಾಹಕರ ಹಳೆಯ ಖರೀದಿಯ ದಾಖಲೆ ನೋಡಿ ಬೆಲೆ ನಿಗದಿ ಮಾಡುವ ಬಗ್ಗೆ ಹಾಲ್ ವೇರಿಯನ್ ಜೊತೆ ಬರೆದ ಪ್ರಬಂಧದಲ್ಲಿ ಅವರಿನ್ನೂ ಶುದ್ಧ ಅರ್ಥಶಾಸ್ತ್ರಜ್ಞ. ತಿರುವು ಕಾಣಿಸುವುದು 2004 ಮತ್ತು 2005ರ ಬರಹಗಳಲ್ಲಿ. ಯೆನ್ಸ್ ಗ್ರಾಸ್‌ಕ್ಲಾಗ್ಸ್ ಜೊತೆ ಬರೆದ ಪ್ರಬಂಧದಲ್ಲಿ ಖಾಸಗಿತನದ ನಿರ್ಧಾರಕ್ಕೆ ಮೂರು ತೊಡಕುಗಳನ್ನು ಅವರು ಗುರುತಿಸಿದರು: ಮಾಹಿತಿ ಅರೆಬರೆ, ವಿವೇಚನೆ ಪರಿಮಿತ, ಮನಸ್ಸು ಮತ್ತೆ ಮತ್ತೆ ಒಂದೇ ದಿಕ್ಕಿಗೆ ವಾಲುತ್ತದೆ. ಎರಡನೆಯದು ನೇರವಾಗಿ ಸೈಮನ್ ಅವರ ಬಳುವಳಿ. ಮೂರನೆಯದರ ಹಿಂದೆ ಮನಶ್ಶಾಸ್ತ್ರಜ್ಞರಾದ ಕಾಹ್ನೆಮನ್ ಮತ್ತು ಟ್ವರ್‌ಸ್ಕಿ ಆರಂಭಿಸಿದ ಅಧ್ಯಯನಗಳಿವೆ. ರಿಯಾಯಿತಿ ಈಗಲೇ ಕೈಗೆ ಸಿಗುತ್ತದೆ, ಮಾಹಿತಿ ದುರುಪಯೋಗವಾದರೆ ಆಗುವುದು ಎಂದೋ ಒಂದು ದಿನ. ಇಂದಿನ ಸುಖವನ್ನು ಹಿಗ್ಗಿಸಿ ನಾಳಿನ ನಷ್ಟವನ್ನು ಕುಗ್ಗಿಸಿ ಕಾಣುವ ಮನಸ್ಸಿಗೆ ಇಲ್ಲಿ ನ್ಯಾಯವಾದ ತೂಕ ಸಾಧ್ಯವೇ ಇಲ್ಲ ಎಂಬುದು 2004ರ ಪ್ರಬಂಧದ ತಿರುಳು.

ಮುಂದಿನ ವರ್ಷಗಳ ಕೆಲಸ ಎರಡು ಕವಲಾಗಿ ಹರಿಯಿತು. ಒಂದು ಕವಲು, ಜನ ಹೊರಗೆಡಹಿದ ಮಾಹಿತಿಯಿಂದ ಏನೇನು ಸಾಧ್ಯ ಎಂದು ಅಳೆದದ್ದು. 2005ರಲ್ಲಿ ರಾಲ್ಫ್ ಗ್ರಾಸ್ ಜೊತೆ ಅವರು ತಮ್ಮದೇ ವಿಶ್ವವಿದ್ಯಾಲಯದ 4,000ಕ್ಕೂ ಹೆಚ್ಚು ವಿದ್ಯಾರ್ಥಿಗಳ ಫೇಸ್‌ಬುಕ್ ಪುಟಗಳನ್ನು ಪರಿಶೀಲಿಸಿದರು. ಸುಮಾರು 88% ಮಂದಿ ಹುಟ್ಟಿದ ದಿನವನ್ನು, ಸುಮಾರು 40% ಮಂದಿ ಫೋನ್ ನಂಬರನ್ನು ಬಹಿರಂಗವಾಗಿ ಹಾಕಿದ್ದರು. ಖಾಸಗಿತನದ ಸೆಟ್ಟಿಂಗ್ ಬದಲಿಸಿಕೊಂಡವರು ತೀರ ಕಡಿಮೆ. 2009ರಲ್ಲಿ ಇದೇ ಇಬ್ಬರು, ಹುಟ್ಟಿದ ದಿನ ಮತ್ತು ರಾಜ್ಯ ಗೊತ್ತಿದ್ದರೆ ಅಮೆರಿಕದಲ್ಲಿ ಗುರುತಿಗೆ ಬಳಕೆಯಾಗುವ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆಯನ್ನು ಊಹಿಸಬಹುದೆಂದು ತೋರಿಸಿದರು. ಆ ಸಂಖ್ಯೆಯ ಅಂಕಿಗಳನ್ನು ರಾಜ್ಯ ಮತ್ತು ಅರ್ಜಿಯ ಕ್ರಮಕ್ಕೆ ಅನುಸಾರವಾಗಿ ಕೊಡುತ್ತಿದ್ದರು. ತೀರಿಕೊಂಡವರ ಸಂಖ್ಯೆಗಳ ಸಾರ್ವಜನಿಕ ಪಟ್ಟಿಯಿಂದ ಆ ಕ್ರಮವನ್ನು ಕಂಡುಕೊಂಡ ಸಂಶೋಧಕರು, 1988ರ ನಂತರ ಹುಟ್ಟಿದವರಲ್ಲಿ 44% ಮಂದಿಯ ಮೊದಲ ಐದು ಅಂಕಿಗಳನ್ನು ಮೊದಲ ಯತ್ನದಲ್ಲೇ ಸರಿಯಾಗಿ ಹೇಳಿದರು. 2011ರ ಜೂನ್‌ನಿಂದ ಅಮೆರಿಕ ಈ ಸಂಖ್ಯೆಗಳನ್ನು ಕ್ರಮವಿಲ್ಲದೆ ಹಂಚತೊಡಗಿತು. ಹುಟ್ಟುಹಬ್ಬದ ಶುಭಾಶಯಕ್ಕೆಂದು ಹಾಕಿದ ದಿನಾಂಕ ಇಂಥ ಊಹೆಗೆ ಬಾಗಿಲು ತೆರೆಯುತ್ತದೆಂದು ಯಾವ ವಿದ್ಯಾರ್ಥಿ ತಾನೇ ಮುಂಗಾಣಬಲ್ಲ?

ಇನ್ನೊಂದು ಕವಲು ಮನಸ್ಸಿನ ಒಳಗನ್ನು ಕೆದಕಿತು. ನನ್ನ ದೃಷ್ಟಿಯಲ್ಲಿ ಇದೇ ಹೆಚ್ಚು ಬಾಳುವ ಕೆಲಸ. ವರ್ತನಾ ಅರ್ಥಶಾಸ್ತ್ರದ ಜಾರ್ಜ್ ಲೊವೆನ್‌ಸ್ಟೀನ್ ಮತ್ತು ಲೆಸ್ಲಿ ಜಾನ್ ಜೊತೆ ಅಕ್ವಿಸ್ಟಿ ಒಂದು ಮಾಲ್‌ನಲ್ಲಿ ನಡೆಸಿದ ಪ್ರಯೋಗ 2013ರಲ್ಲಿ ಪ್ರಕಟವಾಯಿತು. ಖರೀದಿಗೆ ಬಂದವರಿಗೆ ಎರಡು ಬಗೆಯ ಗಿಫ್ಟ್ ಕಾರ್ಡ್. 10 ಡಾಲರಿನದನ್ನು ಬಳಸಿದರೆ ಕೊಂಡವರು ಯಾರೆಂದು ತಿಳಿಯುವುದಿಲ್ಲ. 12 ಡಾಲರಿನದನ್ನು ಬಳಸಿದರೆ ಖರೀದಿಯ ವಿವರ ಅವರ ಹೆಸರಿಗೆ ಅಂಟಿಕೊಳ್ಳುತ್ತದೆ. ಕೆಲವರಿಗೆ ಮೊದಲು 10ರ ಕಾರ್ಡ್ ಕೊಟ್ಟು, ಬೇಕಿದ್ದರೆ 12ರದಕ್ಕೆ ಬದಲಿಸಿಕೊಳ್ಳಿ ಎಂದರು. ಮತ್ತೆ ಕೆಲವರಿಗೆ 12ರದನ್ನು ಕೊಟ್ಟು 10ರದನ್ನು ಮುಂದೊಡ್ಡಿದರು. ಎರಡೂ ಗುಂಪಿನ ಮುಂದಿದ್ದ ಪ್ರಶ್ನೆ ಒಂದೇ: ಖಾಸಗಿತನ ಎರಡು ಡಾಲರಿಗಿಂತ ಹೆಚ್ಚೋ ಕಡಿಮೆಯೋ? ಮೊದಲ ಗುಂಪಿನಲ್ಲಿ 52.1% ಮಂದಿ ಅನಾಮಧೇಯ ಕಾರ್ಡನ್ನೇ ಉಳಿಸಿಕೊಂಡರು. ಎರಡನೆಯ ಗುಂಪಿನಲ್ಲಿ ಅದನ್ನು ಆರಿಸಿದವರು 9.7% ಮಾತ್ರ. ಎರಡನ್ನೂ ಒಟ್ಟಿಗೆ ತೋರಿಸಿ ಕೇಳಿದಾಗಲೂ ಯಾವ ಕಾರ್ಡಿನ ಹೆಸರು ಮೊದಲು ಬಂತು ಎಂಬುದರ ಮೇಲೆ ಉತ್ತರ ಬದಲಾಯಿತು.

ಈ ಅಂಕಿಗಳ ತಾತ್ಪರ್ಯ ದೊಡ್ಡದು. ಖಾಸಗಿತನಕ್ಕೆ ಜನರ ಮನಸ್ಸಿನಲ್ಲಿ ಒಂದು ಸ್ಥಿರ ಬೆಲೆ ಇದ್ದಿದ್ದರೆ ಎರಡು ಗುಂಪುಗಳ ನಡುವೆ ಇಷ್ಟು ಅಂತರ ಬರಬಾರದಿತ್ತು. ಖಾಸಗಿತನ ಈಗಾಗಲೇ ತನ್ನದು ಎನ್ನಿಸಿದವನು ಅದನ್ನು ಬಿಡಲು ಒಪ್ಪುವುದಿಲ್ಲ. ಕೈತಪ್ಪಿದೆ ಎಂದುಕೊಂಡವನು ಮರಳಿ ಪಡೆಯಲು ಎರಡು ಡಾಲರನ್ನೂ ತೆರುವುದಿಲ್ಲ. ಅಂದಮೇಲೆ ಎಲ್ಲ ವಿವರಗಳನ್ನೂ ಮೊದಲೇ ತೆರೆದಿಟ್ಟ ಸೆಟ್ಟಿಂಗ್‌ನೊಂದಿಗೆ ಬರುವ ಆಪ್‌ನಲ್ಲಿ ಜನ ಅದನ್ನು ಬದಲಿಸಲಿಲ್ಲವೆಂದು ‘ಅವರಿಗೆ ಖಾಸಗಿತನ ಬೇಡ’ ಎಂದು ಷರಾ ಬರೆಯುವುದು ಹೇಗೆ?

ಲಾರಾ ಬ್ರಾಂಡಿಮಾರ್ಟೆ ಮುಖ್ಯ ಲೇಖಕಿಯಾಗಿದ್ದ, ಅದೇ ವರ್ಷ ಬಂದ ಇನ್ನೊಂದು ಅಧ್ಯಯನ ಇನ್ನೂ ಕಳವಳ ಹುಟ್ಟಿಸುವಂಥದ್ದು. ತಮ್ಮ ಮಾಹಿತಿಯನ್ನು ಪ್ರಕಟಿಸುವ ಹಿಡಿತ ತಮ್ಮ ಕೈಯಲ್ಲಿದೆ ಎನ್ನಿಸಿದಾಗ ವಿದ್ಯಾರ್ಥಿಗಳು ಸೂಕ್ಷ್ಮ ಪ್ರಶ್ನೆಗಳಿಗೂ ಹೆಚ್ಚು ಧಾರಾಳವಾಗಿ ಉತ್ತರಿಸಿದರು. ಪ್ರಕಟವಾದ ಮೇಲೆ ಯಾರು ಓದುತ್ತಾರೆ, ಏನು ಮಾಡುತ್ತಾರೆ ಎಂಬುದರ ಮೇಲೆ ಅವರಿಗೆ ಯಾವ ಹಿಡಿತವೂ ಇರಲಿಲ್ಲ. ಒಂದು ಬಟನ್ ಕೊಟ್ಟರೆ ಸಾಕು, ಎಚ್ಚರ ಸಡಿಲವಾಗುತ್ತದೆ. ಅದಕ್ಕೂ ಮೊದಲು, 2011ರ ಅಧ್ಯಯನವೊಂದರಲ್ಲಿ ಗಂಭೀರವಾಗಿ ಕಾಣುವ ವಿಶ್ವವಿದ್ಯಾಲಯದ ಪುಟಕ್ಕಿಂತ ಚೆಲ್ಲುಚೆಲ್ಲಾಗಿ ಕಾಣುವ ಪುಟದಲ್ಲೇ ವಿದ್ಯಾರ್ಥಿಗಳು ತಮ್ಮ ತಪ್ಪುಗಳನ್ನು ಹೆಚ್ಚು ಒಪ್ಪಿಕೊಂಡಿದ್ದರು. ಗುಟ್ಟು ಕಾಯುವ ಸಾಧ್ಯತೆ ಕಡಿಮೆ ಇರುವುದು ಎರಡನೆಯ ಪುಟದಲ್ಲೇ.

ಆಕ್ಷೇಪಗಳಿಲ್ಲದಿಲ್ಲ. ಈ ಪ್ರಯೋಗಗಳಲ್ಲಿ ಹಲವಕ್ಕೆ ಒಳಗಾದವರು ಅಮೆರಿಕದ ಒಂದೇ ನಗರದ ವಿದ್ಯಾರ್ಥಿಗಳು, ಗ್ರಾಹಕರು. ಪಣವೂ ಸಣ್ಣದು. ಆದರೂ ಮೂಲ ಗ್ರಹಿಕೆಗೆ ಬೇರೆಡೆಯಿಂದ ಬಲ ಬಂದಿದೆ. 2019ರಲ್ಲಿ ವೈನ್‌ಗಾರ್ ಮತ್ತು ಸನ್‌ಸ್ಟೀನ್ ನಡೆಸಿದ ಸಮೀಕ್ಷೆಯಲ್ಲಿ, ಖಾಸಗಿತನ ಉಳಿಸಿಕೊಳ್ಳಲು ಗ್ರಾಹಕರು ತಿಂಗಳಿಗೆ ಕೊಡಬಲ್ಲೆವೆಂದ ಮೊತ್ತದ ಮಧ್ಯಾಂಕ 5 ಡಾಲರ್, ಅದನ್ನು ಬಿಟ್ಟುಕೊಡಲು ಕೇಳಿದ ಮೊತ್ತದ ಮಧ್ಯಾಂಕ 80 ಡಾಲರ್. ಫ್ರೆಡ್ ಸ್ಟಟ್ಸ್‌ಮನ್, ಗ್ರಾಸ್ ಮತ್ತು ಅಕ್ವಿಸ್ಟಿ 2005ರಿಂದ 2011ರವರೆಗೆ 5,076 ಫೇಸ್‌ಬುಕ್ ಬಳಕೆದಾರರನ್ನು ಗಮನಿಸಿದಾಗ ಕಂಡದ್ದಂತೂ ನಿರ್ಲಕ್ಷ್ಯದ ವಾದವನ್ನೇ ಬುಡಮೇಲು ಮಾಡುತ್ತದೆ. ಮೊದಲ ವರ್ಷಗಳಲ್ಲಿ ಜನ ಅಪರಿಚಿತರಿಗೆ ಕಾಣುವ ವಿವರಗಳನ್ನು ವರ್ಷದಿಂದ ವರ್ಷಕ್ಕೆ ಮುಚ್ಚುತ್ತಾ ಬಂದರು. ನಂತರ ಕಂಪನಿ ತನ್ನ ವಿನ್ಯಾಸ ಮತ್ತು ನೀತಿಗಳನ್ನು ಬದಲಿಸಿದಾಗ ಆ ಪ್ರವೃತ್ತಿ ಹಿಮ್ಮುಖವಾಯಿತು. ಜನ ಪ್ರಯತ್ನಿಸಿದ್ದರು, ವ್ಯವಸ್ಥೆ ಅವರನ್ನು ಸೋಲಿಸಿತು.

ಸಣ್ಣ ಸೂಚನೆಗಳಿಂದ ಬಳಕೆದಾರರನ್ನು ಎಚ್ಚರಿಸುವ ಪ್ರಯೋಗಗಳನ್ನೂ ಅಕ್ವಿಸ್ಟಿಯವರ ತಂಡ ಮಾಡಿದೆ. ಫೇಸ್‌ಬುಕ್‌ನಲ್ಲಿ ಬರೆದದ್ದು ಪ್ರಕಟವಾಗುವ ಮುನ್ನ ಕೆಲವು ಕ್ಷಣ ತಡೆಹಿಡಿಯುವುದು, ಅದನ್ನು ನೋಡಬಲ್ಲವರ ಮುಖಗಳನ್ನು ತೋರಿಸುವುದು ಅವುಗಳಲ್ಲಿ ಸೇರಿವೆ. ಆದರೆ 2020ರಲ್ಲಿ ಬ್ರಾಂಡಿಮಾರ್ಟೆ, ಲೊವೆನ್‌ಸ್ಟೀನ್ ಜೊತೆ ಬರೆದ ಪ್ರಬಂಧದ ಹೊತ್ತಿಗೆ ಅಕ್ವಿಸ್ಟಿಯವರ ನಿಲುವು ಗಟ್ಟಿಯಾಗಿತ್ತು: ಖಾಸಗಿತನದ ಹಂಬಲ ಮನುಷ್ಯಸಹಜ, ಅದನ್ನು ಕಾಯುವ ಹೊಣೆಯನ್ನು ಬಳಕೆದಾರನೊಬ್ಬನ ತಲೆಗೆ ಕಟ್ಟಿದರೆ ಸಾಲದು, ಸರ್ಕಾರದ ನೀತಿಯೂ ಬೇಕು. ಅಲೀಷಿಯಾ ಮ್ಯಾಕ್‌ಡೊನಾಲ್ಡ್ ಮತ್ತು ಲಾರಿ ಕ್ರೇನರ್ 2008ರಲ್ಲೇ ಹಾಕಿದ ಲೆಕ್ಕ ಇದಕ್ಕೆ ಒಪ್ಪುವಂಥದ್ದು. ಭೇಟಿ ಕೊಡುವ ತಾಣಗಳ ಖಾಸಗಿತನ ನೀತಿಗಳನ್ನೆಲ್ಲ ಓದಲು ಒಬ್ಬ ಅಮೆರಿಕನ್ನನಿಗೆ ವರ್ಷಕ್ಕೆ 200 ಗಂಟೆಗೂ ಹೆಚ್ಚು ಬೇಕು.

ಭಾರತಕ್ಕೂ ಈ ಪರಂಪರೆಯ ನಂಟಿದೆ. ಕ್ರೇನರ್ ಅವರ ಮಾರ್ಗದರ್ಶನದಲ್ಲಿ ಪಿಟ್ಸ್‌ಬರ್ಗ್‌ನಲ್ಲೇ ಡಾಕ್ಟರೇಟ್ ಮಾಡಿದ ಪೊನ್ನುರಂಗಂ ಕುಮಾರಗುರು 2005ರಲ್ಲಿ ಭಾರತೀಯರ ಖಾಸಗಿತನದ ಧೋರಣೆಗಳನ್ನು ಅಭ್ಯಸಿಸಿ, ಅಮೆರಿಕನ್ನರಿಗಿಂತ ಇಲ್ಲಿ ಅರಿವೂ ಆತಂಕವೂ ಕಡಿಮೆ ಎಂದು ಕಂಡುಕೊಂಡರು. ಪ್ರಯಾಣಿಕರ ಹೆಸರು, ವಯಸ್ಸು, ಲಿಂಗ ಬರೆದ ರಿಸರ್ವೇಷನ್ ಚಾರ್ಟನ್ನು ರೈಲು ಬೋಗಿಗೆ ಅಂಟಿಸುವುದು ಆಗ ಸಹಜ ಸಂಗತಿ. 2018ರಲ್ಲಿ ದೊಡ್ಡ ನಿಲ್ದಾಣಗಳಲ್ಲಿ ಅದನ್ನು ನಿಲ್ಲಿಸಿದಾಗಲೂ ಮುಂದಿಟ್ಟ ಕಾರಣ ಕಾಗದದ ಉಳಿತಾಯ.

ಅಷ್ಟರಲ್ಲಿ ಕಾನೂನು ಮುಂದೆ ಸಾಗಿತ್ತು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ ಆಧಾರ್ ವಿರುದ್ಧ 2012ರಲ್ಲಿ ಸಲ್ಲಿಸಿದ ಅರ್ಜಿಯಿಂದಾಗಿ, 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. ಅಂತರ್ಜಾಲದಲ್ಲಿ ಸಮ್ಮತಿ ಪಡೆಯುವ ಪದ್ಧತಿ ಸರಿಯಾಗಿ ಕೆಲಸ ಮಾಡುತ್ತಿಲ್ಲವೆಂದು ನ್ಯಾಯಮೂರ್ತಿ ಬಿ. ಎನ್. ಶ್ರೀಕೃಷ್ಣ ಸಮಿತಿಯ 2018ರ ವರದಿಯೂ ಒಪ್ಪಿಕೊಂಡಿತು. ಹಾಗಿದ್ದೂ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಹುಮಟ್ಟಿಗೆ ನಿಂತಿರುವುದು ಸಮ್ಮತಿಯ ಮೇಲೆಯೇ. ಆ ಸಮ್ಮತಿ ಮುಕ್ತವೂ ನಿರ್ದಿಷ್ಟವೂ ತಿಳಿದು ಕೊಟ್ಟದ್ದೂ ಆಗಿರಬೇಕು, ಅದರ ಕೋರಿಕೆಯನ್ನು ಸರಳ ಭಾಷೆಯಲ್ಲಿ, ಇಂಗ್ಲಿಷ್ ಅಥವಾ ಸಂವಿಧಾನದ ಎಂಟನೇ ಪರಿಚ್ಛೇದದ ಯಾವುದೇ ಭಾಷೆಯಲ್ಲಿ ಓದುವ ಅವಕಾಶ ಇರಬೇಕು ಎಂದು ಕಾಯ್ದೆ ಹೇಳುತ್ತದೆ. ಅಂದರೆ ಕನ್ನಡದಲ್ಲಿ ಕೇಳುವುದು ನಮ್ಮ ಹಕ್ಕು.

ಈ ಹಕ್ಕು ದೊಡ್ಡದು. ಆದರೆ ಪಿಟ್ಸ್‌ಬರ್ಗ್‌ನ ಪ್ರಯೋಗಗಳನ್ನು ಓದಿದವರಿಗೆ ಅದು ಅರ್ಧ ದಾರಿ ಎಂದು ತಿಳಿಯುತ್ತದೆ. ‘ಒಪ್ಪಿದೆ’ ಎಂಬ ಬಟನ್ ದೊಡ್ಡದಾಗಿ ಕಣ್ಣಿಗೆ ಹೊಡೆಯುವಂತಿದ್ದು, ‘ಬೇಡ’ ಎನ್ನಲು ಮೂರು ಪುಟ ದಾಟಬೇಕಾದರೆ ನೋಟಿಸು ಎಷ್ಟು ಒಳ್ಳೆಯ ಕನ್ನಡದಲ್ಲಿದ್ದರೂ ಸಮ್ಮತಿ ಮುಕ್ತವಾಗುವುದಿಲ್ಲ. ಕನ್ನಡ ಓದುವ ಬಳಕೆದಾರರು ಇಂಥ ಪುಟಗಳ ಮುಂದೆ ಹೇಗೆ ನಿರ್ಧರಿಸುತ್ತಾರೆ, ಒಂದೇ ಫೋನನ್ನು ಮನೆಮಂದಿಯೆಲ್ಲ ಬಳಸುವಲ್ಲಿ ‘ನನ್ನ ಸಮ್ಮತಿ’ ಎಂಬುದಕ್ಕೆ ಏನರ್ಥ ಎಂಬ ಪ್ರಶ್ನೆಗಳಿಗೆ ಅಮೆರಿಕದ ಅಂಕಿಗಳಲ್ಲಿ ಉತ್ತರ ಸಿಗುವುದಿಲ್ಲ. ನಮ್ಮ ವಿಶ್ವವಿದ್ಯಾಲಯಗಳ ಮನಶ್ಶಾಸ್ತ್ರ, ಅರ್ಥಶಾಸ್ತ್ರ ಮತ್ತು ಕಂಪ್ಯೂಟರ್ ವಿಭಾಗಗಳು ಒಟ್ಟು ಸೇರಿ, ಹೊಸ ಕಾಯ್ದೆಯ ನೋಟಿಸುಗಳು ರೂಢಿಯಾಗಿ ನೆಲೆಯೂರುವ ಮುನ್ನವೇ ಈ ಪ್ರಯೋಗಗಳನ್ನು ಇಲ್ಲಿ, ಕನ್ನಡದಲ್ಲಿ ನಡೆಸಬೇಕು.