ಬೆಳೆ ವಿಮೆ: ನಷ್ಟ ಯಾರದು, ಹಣ ಯಾರಿಗೆ?

ಬೆಳೆ ವಿಮೆ ದಿಲ್ಲಿಯಿಂದ ಬಂದ ಯೋಜನೆಯೆಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ವಾಸ್ತವದಲ್ಲಿ ಈ ದೇಶದಲ್ಲಿ ಅದರ ಮೊದಲ ನಕ್ಷೆ ಸಿದ್ಧವಾದದ್ದು ಮೈಸೂರು ಸಂಸ್ಥಾನದಲ್ಲಿ. ಸಂಸ್ಥಾನದ ಅಧಿಕಾರಿಯಾಗಿದ್ದ ಜೆ.ಎಸ್. ಚಕ್ರವರ್ತಿಯವರು 1920ರಲ್ಲಿ ಕೃಷಿ ವಿಮೆಯ ಬಗ್ಗೆ ಇಂಗ್ಲಿಷಿನಲ್ಲಿ ಒಂದು ಪುಸ್ತಕ ಪ್ರಕಟಿಸಿದರು. ಅವರ ಯೋಚನೆ ಸರಳವಾಗಿತ್ತು. ಒಬ್ಬೊಬ್ಬ ರೈತನ ಹೊಲಕ್ಕೂ ಹೋಗಿ ನಷ್ಟ ಅಳೆಯುವುದು ಆಗದ ಮಾತು. ಅದರ ಬದಲು ಒಂದು ಪ್ರದೇಶದ ಮಳೆಮಾಪಕವನ್ನು ನೋಡಿ, ಮಳೆ ಇಷ್ಟಕ್ಕಿಂತ ಕಡಿಮೆಯಾದರೆ ಆ ಪ್ರದೇಶದ ವಿಮೆದಾರರಿಗೆಲ್ಲ ಪರಿಹಾರ ಕೊಡಬೇಕು. ಸರಕಾರ ಇದನ್ನು ಕೈಗೆತ್ತಿಕೊಳ್ಳಲಿಲ್ಲ. ಮಳೆಯನ್ನೇ ಆಧರಿಸಿದ ವಿಮೆ ಕೇಂದ್ರದ ಯೋಜನೆಯಾಗಿ ಪ್ರಯೋಗಕ್ಕೆ ಬಂದದ್ದು 2007ರಲ್ಲಿ. ಅದೂ ಮೊದಲಿಗೆ ಕರ್ನಾಟಕದಲ್ಲೇ! ಚಕ್ರವರ್ತಿಯವರ ಹೆಸರನ್ನು ಆಗ ಎಷ್ಟು ಮಂದಿ ನೆನೆದರೋ.

ಸ್ವಾತಂತ್ರ್ಯಾನಂತರ ಸಮಿತಿಗಳು ಬಂದವು, 1965ರಲ್ಲಿ ಒಂದು ಮಸೂದೆಯೂ ಸಿದ್ಧವಾಯಿತು, ಏನೂ ಆಗಲಿಲ್ಲ. ವಿಷಯಕ್ಕೆ ಮತ್ತೆ ಜೀವ ಕೊಟ್ಟವರು ಪುಣೆಯ ಅರ್ಥಶಾಸ್ತ್ರಜ್ಞ ವಿ.ಎಂ. ದಾಂಡೇಕರ್. ಮಳೆಯ ಬದಲು ಪ್ರದೇಶದ ಸರಾಸರಿ ಇಳುವರಿಯನ್ನು ಅಳತೆಗೋಲಾಗಿಸಬೇಕೆಂಬುದು ಅವರ ವಾದ. ಅದರಂತೆ 1979ರಲ್ಲಿ ಪ್ರಯೋಗ ನಡೆದು, 1985ರಲ್ಲಿ ಸಮಗ್ರ ಬೆಳೆ ವಿಮಾ ಯೋಜನೆ ಬಂತು.

ಇಲ್ಲಿ ನಾವು ಸ್ವಲ್ಪ ನಿಲ್ಲಬೇಕು. ಏಕೆಂದರೆ ವಿಮೆಯ ಹಣ ಹೋಗುವ ದಾರಿ ನಿರ್ಧಾರವಾದದ್ದು ಇಲ್ಲೇ. ಈ ಯೋಜನೆ ಬೆಳೆಸಾಲ ಪಡೆದವರಿಗೆ ಮಾತ್ರ. ಪ್ರೀಮಿಯಂ ಅನ್ನು ಸಾಲದ ಮೊತ್ತದಿಂದ ಬ್ಯಾಂಕೇ ಕಡಿತ ಮಾಡಿಕೊಳ್ಳುತ್ತಿತ್ತು. ಭತ್ತ, ಗೋಧಿ, ಜೋಳ, ರಾಗಿಗಳಿಗೆ ನೂರಕ್ಕೆ 2, ಬೇಳೆಕಾಳು ಮತ್ತು ಎಣ್ಣೆಕಾಳಿಗೆ ನೂರಕ್ಕೆ 1. ಪರಿಹಾರ ಬಂದಾಗ ಅದು ಮೊದಲು ಸೇರುತ್ತಿದ್ದುದು ಸಾಲದ ಖಾತೆಗೆ. ಅಂದರೆ ವಿಮೆ ಮಾಡಿಸಿದ್ದು ಬೆಳೆಗೋ, ಬ್ಯಾಂಕಿನ ಸಾಲಕ್ಕೋ? ರೈತನ ಸಾಲ ತೀರಿದರೆ ಅವನಿಗೂ ಲಾಭವೇ, ನಿಜ. ಆದರೆ ಬಿತ್ತನೆಗೆ ಬಡ್ಡಿ ಅಂಗಡಿಯಿಂದ ಹಣ ತಂದವನಿಗೆ ಈ ಲೆಕ್ಕದಲ್ಲಿ ಜಾಗವೇ ಇರಲಿಲ್ಲ. ಯೋಜನೆ ಮುಗಿಯುವ ಹೊತ್ತಿಗೆ ಸಂಗ್ರಹವಾದ ಪ್ರೀಮಿಯಂ ಸುಮಾರು 400 ಕೋಟಿ ರೂಪಾಯಿ, ಕೊಟ್ಟ ಪರಿಹಾರ ಸುಮಾರು 2,300 ಕೋಟಿ. ಅದರಲ್ಲಿ ಅರ್ಧದ ಸಮೀಪ ಹೋದದ್ದು ಗುಜರಾತ್ ಒಂದಕ್ಕೇ, ಮುಖ್ಯವಾಗಿ ನೆಲಗಡಲೆ ಬೆಳೆಗೆ.

1999ರಲ್ಲಿ ರಾಷ್ಟ್ರೀಯ ಕೃಷಿ ವಿಮಾ ಯೋಜನೆ ಬಂದು ಸಾಲ ಪಡೆಯದವರಿಗೂ ಬಾಗಿಲು ತೆರೆಯಿತು. 2016ರಲ್ಲಿ ಪ್ರಧಾನಮಂತ್ರಿ ಫಸಲ್ ಬಿಮಾ. ರೈತನ ಪಾಲು ಮುಂಗಾರಿಗೆ ನೂರಕ್ಕೆ 2, ಹಿಂಗಾರಿಗೆ ಒಂದೂವರೆ, ವಾಣಿಜ್ಯ ಮತ್ತು ತೋಟಗಾರಿಕೆ ಬೆಳೆಗೆ 5; ಉಳಿದದ್ದು ಕೇಂದ್ರ ಹಾಗೂ ರಾಜ್ಯಗಳ ಬೊಕ್ಕಸದಿಂದ ವಿಮಾ ಕಂಪೆನಿಗಳಿಗೆ. ಮೊದಲ ವರ್ಷ ಒಟ್ಟು ಪ್ರೀಮಿಯಂ ಸುಮಾರು 22 ಸಾವಿರ ಕೋಟಿ, ಪರಿಹಾರ ಸುಮಾರು 17 ಸಾವಿರ ಕೋಟಿ. ಕಂಪೆನಿಗಳು ಕೊಳ್ಳೆ ಹೊಡೆದವು ಎಂಬ ಕೂಗೆದ್ದದ್ದು ಇದರಿಂದಲೇ. ಆ ಕೂಗಿನಲ್ಲಿ ಹುರುಳಿದೆ, ಆದರೆ ಅದೇ ಪೂರ್ಣ ಸತ್ಯವಲ್ಲ. ಮುಂದಿನ ವರ್ಷಗಳಲ್ಲಿ ಲೆಕ್ಕ ಸರಿಹೋಗದೆ ಹಿಂದೆ ಸರಿದ ಖಾಸಗಿ ಕಂಪೆನಿಗಳೂ ಇವೆ. ಬಿಹಾರ, ಪಶ್ಚಿಮ ಬಂಗಾಳ, ಗುಜರಾತ್ ಮೊದಲಾದ ರಾಜ್ಯಗಳು ಯೋಜನೆಯಿಂದ ಹೊರನಡೆದವು. ಸಾಲ ಪಡೆದವರಿಗೆ ವಿಮೆ ಕಡ್ಡಾಯವೆಂಬ ನಿಯಮ 2020ರ ಮುಂಗಾರಿನಿಂದ ಹೋಯಿತು.

ಕಂಪೆನಿ, ಸರಕಾರಗಳ ಈ ಜಗಳದ ಮಧ್ಯೆ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದ ಒಬ್ಬನಿದ್ದಾನೆ. ಪರರ ಹೊಲವನ್ನು ಪಾಲಿಗೋ, ಲಾವಣಿಗೋ ಹಿಡಿದು ಉಳುವವನು. ಬೀಜ ಅವನದು, ಗೊಬ್ಬರ ಅವನದು, ಬೆವರೂ ಅವನದೇ. ಯೋಜನೆಯ ನಿಯಮಗಳು ಇವನನ್ನು ಹೊರಗಿಟ್ಟಿಲ್ಲ. ಗೇಣಿದಾರರೂ ಪಾಲುದಾರರೂ ವಿಮೆಗೆ ಅರ್ಹರೆಂದೇ ಹೇಳುತ್ತವೆ. ಆದರೆ ಕಾಗದ ತರಬೇಕು. ಗೇಣಿದಾರರಿಗೂ ಪಾಲುದಾರರಿಗೂ ಬೆಳೆ ವಿಮೆ ತಲುಪಿದ್ದು ತೀರಾ ಕಡಿಮೆ ಎಂದು ಮಹಾಲೇಖಪಾಲರ 2017ರ ವರದಿಯೂ ಹೇಳಿತು.

ಕರ್ನಾಟಕದಲ್ಲಿ ಈ ಕಾಗದದ ಕತೆಗೆ ಒಂದು ವಿಚಿತ್ರ ತಿರುವಿದೆ. 1974ರ ಭೂಸುಧಾರಣೆ ಲಕ್ಷಾಂತರ ಗೇಣಿದಾರರನ್ನು ಒಡೆಯರನ್ನಾಗಿಸಿದ ಕ್ರಾಂತಿ. ಅದರಿಂದ ಬದುಕು ಕಟ್ಟಿಕೊಂಡ ಕುಟುಂಬಗಳು ಕರಾವಳಿಯಲ್ಲಂತೂ ಎಲ್ಲ ಜಾತಿ, ಸಮುದಾಯಗಳಲ್ಲೂ ಇವೆ. ಅದೇ ಕಾನೂನು ಕೆಲವು ವಿನಾಯಿತಿಗಳನ್ನು ಬಿಟ್ಟು ಗೇಣಿಗೆ ಕೊಡುವುದನ್ನೇ ನಿಷೇಧಿಸಿತು. ಗೇಣಿ ನಿಂತಿತೇ? ಇಲ್ಲ, ಬಾಯಿಮಾತಿಗೆ ಇಳಿಯಿತು. ಅವಿಭಜಿತ ಆಂಧ್ರಪ್ರದೇಶ 2011ರಲ್ಲಿ ಕಾನೂನು ಮಾಡಿ, ಒಡೆಯನ ಹಕ್ಕಿಗೆ ಧಕ್ಕೆಯಾಗದಂತೆ ಉಳುವವನಿಗೆ ಗುರುತಿನ ಚೀಟಿ ಕೊಡಲು ಮುಂದಾಯಿತು. ನಮ್ಮಲ್ಲಿ ಪಾಲುದಾರನ ಹೆಸರಿಗೆ ಚೀಟಿಯಿಲ್ಲ, ಕರಾರುಪತ್ರವೂ ಇಲ್ಲ. ಮಳೆ ಕೈಕೊಟ್ಟ ವರ್ಷ ವಿಮೆಯ ಹಣ ಪಹಣಿಯಲ್ಲಿ ಹೆಸರಿದ್ದವನ ಖಾತೆಗೆ ಬರುತ್ತದೆ. ಅವನು ಪಟ್ಟಣದಲ್ಲಿ ನೌಕರಿಯಲ್ಲಿದ್ದರೂ ಸರಿ. ಅದರಲ್ಲಿ ಪಾಲು ಕೊಡುವುದು ಬಿಡುವುದು ಅವನ ದೊಡ್ಡ ಮನಸ್ಸಿಗೆ ಸೇರಿದ್ದು. ಹಾಗೆ ನೋಡಿದರೆ ಪಹಣಿಯ 12ನೇ ಕಲಮು ಇರುವುದೇ ಸಾಗುವಳಿದಾರನ ವಿವರಕ್ಕೆ. ಉಳುವವನ ಹೆಸರು ಅಲ್ಲಿ ಬರೆಸಿದರೆ ಮುಂದೆ ಜಮೀನೇ ಕೈತಪ್ಪೀತೆಂಬ ಅಂಜಿಕೆ ಒಡೆಯನಿಗೆ. ಆದುದರಿಂದ ಅಲ್ಲಿ ಸಾಮಾನ್ಯವಾಗಿ 'ಸ್ವಂತ' ಎಂದೇ ಬರೆದಿರುತ್ತದೆ.